ತಾಮ್ರದ ಮೇಲೆ ಎಣ್ಣೆ ಬಣ್ಣ: ಮೆಕ್ಸಿಕೊದ ಸನ್ಯಾಸಿನಿಯರ ಎದೆಬಿಲ್ಲೆ

ಸ್ಪೇನಿನ ಆಳ್ವಿಕೆಯಲ್ಲಿದ್ದ ಮೆಕ್ಸಿಕೊದಲ್ಲಿ ಕೆಲವು ಪಂಗಡಗಳ ಸನ್ಯಾಸಿನಿಯರು ಗಲ್ಲದ ಕೆಳಗೆ, ಎದೆಯ ಮೇಲೆ ದುಂಡನೆಯ ಚಿತ್ರವೊಂದನ್ನು ಧರಿಸುತ್ತಿದ್ದರು. ಅದೇ 'ಎಸ್ಕೂದೊ ದೆ ಮೊನ್ಹಾ'. ನಡುವೆ ಮೇರಿ ಮಾತೆ, ಸುತ್ತ ಸಂತರು, ಅಂಚಿಗೆ ಆಮೆಚಿಪ್ಪಿನ ಚೌಕಟ್ಟು. ಮಿಗೆಲ್ ಕಾಬ್ರೆರಾ 1750ರಲ್ಲಿ ಬರೆದ ಸನ್ಯಾಸಿನಿ, ಕವಯಿತ್ರಿ ಸೋರ್ ಹುವಾನಾ ಅವರ ಭಾವಚಿತ್ರ ನೋಡಿದರೆ ಇದು ಎಷ್ಟು ದೊಡ್ಡದಿತ್ತೆಂದು ತಿಳಿಯುತ್ತದೆ.

ಇವು ಹೆಚ್ಚಾಗಿ ತಾಮ್ರದ ಮೇಲಿನ ಎಣ್ಣೆ ಚಿತ್ರಗಳು. ತಾಮ್ರಕ್ಕೆ ನೇಯ್ಗೆಯ ಗೆರೆಯಿಲ್ಲ, ಅದು ಎಣ್ಣೆಯನ್ನು ಹೀರುವುದೂ ಇಲ್ಲ. ಹಾಗಾಗಿ ಕಡಲೆ ಕಾಳಿನಷ್ಟು ಮುಖದಲ್ಲೂ ಕಣ್ಣು, ತುಟಿ ಸ್ಪಷ್ಟವಾಗಿ ಮೂಡುತ್ತವೆ. ಇಂಥ ಸೂಕ್ಷ್ಮ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ನೆಲೆ ಇಲ್ಲವೆಂದೇ ನನ್ನ ನಂಬಿಕೆ.

ಪುಣೆಯಲ್ಲಿರುವ ನಮ್ಮ ಚಿತ್ರಕಾರರು ಇದನ್ನು ಮಾಡಿ ನೋಡಬೇಕು. ತಾಮ್ರಕ್ಕೆ ಕಸಬಾ ಪೇಠೆಯ ತಾಂಬಟ್ ಆಳಿ, ಅಂದರೆ ತಾಮ್ರ ಕೆಲಸಗಾರರ ಓಣಿ, ಇದ್ದೇ ಇದೆ. ಅಲ್ಲಿಯ ಸುತ್ತಿಗೆ ಪೆಟ್ಟಿನ ಮಠಾರ್ ಕೆಲಸ ಬಲು ಚಂದ, ಚಿತ್ರಕ್ಕೆ ಮಾತ್ರ ಬೇಡ: ಒಂದೊಂದು ಗುಳಿಯಲ್ಲೂ ಬೆಳಕು ಬೇರೆ ಬೇರೆಯಾಗಿ ಹೊಳೆದು ಮುಖ ಕದಡುತ್ತದೆ. ಸಪಾಟಾದ, 20 ಗೇಜ್ ದಪ್ಪದ ತಗಡಿನಲ್ಲಿ 15 ಸೆಂ.ಮೀ. ಬಿಲ್ಲೆ ಕತ್ತರಿಸಿಕೊಳ್ಳಿ. ಇದಕ್ಕಿಂತ ತೆಳುವಾದರೆ ಬಾಗುತ್ತದೆ, ಬಾಗಿದ ಕಡೆ ಬಣ್ಣ ಚಕ್ಕೆಯೇಳುತ್ತದೆ.

ನುಣ್ಣನೆಯ ಮರಳುಕಾಗದದಿಂದ ಹೊಳಪು ಮಾಸುವವರೆಗೆ ಉಜ್ಜಿ, ಸ್ಪಿರಿಟ್‌ನಿಂದ ಒರೆಸಿ. ಆಮೇಲೆ ಬೆರಳು ತಾಗಿಸಬೇಡಿ, ಜಿಡ್ಡಿರುವಲ್ಲಿ ಬಣ್ಣ ನಿಲ್ಲದು. ಹಳಬರು ಇದೇ ಹಂತದಲ್ಲಿ ಹಸಿ ಬೆಳ್ಳುಳ್ಳಿ ಉಜ್ಜುತ್ತಿದ್ದರು, ಅದರ ಅಂಟು ಬಣ್ಣವನ್ನು ಹಿಡಿಯುತ್ತದೆ. ಬಣ್ಣಕ್ಕೆ ಮುಂಚೆ ಬಳಿಯುವ, ಅಂಗಡಿಯ ಅಕ್ರಿಲಿಕ್ ಜೆಸ್ಸೊ (ಬಿಳಿ ಅಸ್ತರಿ) ಖಂಡಿತ ಬೇಡ. ಅದರಲ್ಲಿರುವ ನೀರು, ಅಮೋನಿಯಾ ತಾಮ್ರವನ್ನು ಹಸಿರುಗಟ್ಟಿಸುತ್ತವೆ. ಎಣ್ಣೆಯ ಬಿಳಿ ಬಣ್ಣಕ್ಕೆ ಚೂರು ಅಂಬರ್ (ಕಂದು ಮಣ್ಣಿನ ಬಣ್ಣ) ಬೆರೆಸಿ, ಕೈಗವಸು ಹಾಕಿಕೊಂಡು ಅಂಗೈಯಿಂದ ತಟ್ಟುತ್ತಾ ತೆಳುವಾಗಿ ಹರಡಿ. ಹಳಬರು ಬಳಸಿದ್ದು ಸೀಸದ ಬಿಳಿ. ಅದು ವಿಷ, ಟೈಟೇನಿಯಂ ಬಿಳಿ ಸಾಕು. ಪದರ ದಪ್ಪವಾದರೆ ಮುಂದೆ ಸಿಪ್ಪೆಯಂತೆ ಏಳುತ್ತದೆ. ಮಳೆಗಾಲದಲ್ಲಿ ಒಣಗುವುದು ನಿಧಾನ, ಅವಸರಕ್ಕೆ ಬಿಸಿಲಿಗಿಡಬೇಡಿ: ತಗಡು ಬೇಗ ಕಾದು ಹಿಗ್ಗುತ್ತದೆ.

ಮೇಲಿನ ಬಣ್ಣವೂ ತೆಳುವಾಗಿಯೇ ಇರಲಿ. ಎಣ್ಣೆ ಹೆಚ್ಚಾದರೆ ಅದರ ಆಮ್ಲ ತಾಮ್ರದೊಂದಿಗೆ ಸೇರಿ ಬಣ್ಣದ ಅಂಚಿನಲ್ಲಿ ಹಸಿರು ಕೂರುತ್ತದೆ. ಬಿಲ್ಲೆಯ ಹಿಂಬದಿ ಕಪ್ಪಾಯಿತೆಂದು ಹುಣಸೆಹಣ್ಣು ಹಚ್ಚಿ ತಿಕ್ಕಲೇಬಾರದು. ಹುಳಿ ಅಂಚಿನಿಂದ ಒಳಗಿಳಿದು ಬಣ್ಣದ ಬುಡವನ್ನೇ ಕೀಳುತ್ತದೆ. ಚೌಕಟ್ಟಿಗೆ ಆಮೆಚಿಪ್ಪು ಕೊಳ್ಳುವುದು ಕಾನೂನುಬಾಹಿರ, ಕಂದು ಮಚ್ಚೆಯ ಅಕ್ರಿಲಿಕ್ ಹಾಳೆ ಚೆನ್ನಾಗಿ ಒಪ್ಪುತ್ತದೆ.