ಸೇತುವೆ ಅಂದರೆ ಯಾವುದು?

ಶಿರಸಿಯಿಂದ ಭಾವ ಸದಾಶಿವಗಡಕ್ಕೆ, ನಮ್ಮನೆಗೆ ಹೊರಟಿದ್ದರು. ಕಾರವಾರದಿಂದ ಸದಾಶಿವಗಡಕ್ಕೆ ಬರೋಕೆ ಕಾಳಿ ನದಿ ದಾಟಬೇಕು; ಅಲ್ಲಿ ಅಕ್ಕಪಕ್ಕ ಎರಡು ಸೇತುವೆ ಇದ್ದವು, ಹಳೇದು ಮತ್ತು ಹೊಸದು. ಭಾವ ಅಂಕೋಲಾ ದಾಟಿ ಫೋನ್ ಮಾಡಿದರು. 'ಹಳೇ ಸೇತುವೆ ಇಳಿದು ಬಲಕ್ಕೆ ಅಲ್ವಾ?'

'ಭಾವ, ಹಳೇದು 2024ರ ಆಗಸ್ಟ್‌ನಲ್ಲೇ ಕಾಳಿ ನದಿಗೆ ಬಿತ್ತಲ್ಲ.'

ಆ ಕಡೆ ಒಂದು ಕ್ಷಣ ಮಾತಿಲ್ಲ. 'ಹೌದಲ್ಲ, ಲಾರಿ ಸಮೇತ! ಹಾಗಾದ್ರೆ ಹೊಸದರ ಮೇಲೇ ಬರೋದು.'

'ಹ್ಞೂಂ.'

ಅಲ್ಲಿಂದ ಮುಂದೆ ಇಬ್ಬರೂ ಬರೀ 'ಸೇತುವೆ' ಅಂದೆವು. ಹಳೇದು, ಹೊಸದು ಅನ್ನೋ ಮಾತೇ ಬರಲಿಲ್ಲ.

ಆ ಪುಟ್ಟ 'ಹ್ಞೂಂ' ನನಗೆ ತುಂಬಾ ಇಷ್ಟವಾಯ್ತು. ಮಾತಾಡುವ ಇಬ್ಬರೂ ಒಪ್ಪಿಕೊಂಡ, ಒಪ್ಪಿದ್ದೇವೆ ಅಂತ ಇಬ್ಬರಿಗೂ ಗೊತ್ತಿರುವ ಸಂಗತಿಗಳನ್ನು ತತ್ವಶಾಸ್ತ್ರಜ್ಞ ರಾಬರ್ಟ್ ಸ್ಟಾಲ್ನೇಕರ್ 'ಕಾಮನ್ ಗ್ರೌಂಡ್' ಅಂತ ಕರೆದರು. ಒಬ್ಬರು ಏನೋ ಹೇಳ್ತಾರೆ. ಇನ್ನೊಬ್ಬರು ತಕರಾರು ತೆಗೆಯದಿದ್ದರೆ ಅದು ಇಬ್ಬರ ಗಂಟಿಗೆ ಸೇರುತ್ತೆ. ಆದರೆ ಗಂಟಿಗೆ ಸೇರಿಸೋದಕ್ಕಿಂತ ಅದರಿಂದ ತೆಗೆಯೋದೇ ಜಾಸ್ತಿ ಕಷ್ಟ ಅನಿಸುತ್ತೆ ನನಗೆ. ಭಾವನಿಗೆ ಸುದ್ದಿ ಗೊತ್ತಿತ್ತು. ಆದರೂ ದಾರಿ ಕೇಳುವಾಗ ನಾಲಿಗೆಗೆ ಬಂದದ್ದು ಹಳೇ ಸೇತುವೆಯೇ. ಎಷ್ಟೋ ವರ್ಷ ಹಾಗೇ ಹೇಳಿಕೊಂಡು ಓಡಾಡಿದವರು ನಾವು.

ಮನೆಗೆ ಬಂದವರು ಚಪ್ಪಲಿ ಬಿಡುತ್ತಾ ಹೇಳಿದರು: 'ಸೇತುವೆ ಮೇಲೆ ಬರುವಾಗ ಪಕ್ಕಕ್ಕೇ ನೋಡ್ತಿದ್ದೆ ಮಾರಾಯ.'