‘ಹೋತ್ರಿ’ ಅಂದರೆ ಎಷ್ಟು?

ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಹೆಣ್ಣುಮಕ್ಕಳ ವಾರ್ಡಿನಲ್ಲಿ ನಾನು ಸ್ಟಾಫ್ ನರ್ಸ್. ಹದಿನಾಲ್ಕು ವರ್ಷ ಆಯಿತು. ಗರ್ಭಕೋಶ ಜಾರಿದವರ ಆಪರೇಷನ್ ನಮ್ಮಲ್ಲಿ ಆಗಾಗ ಇದ್ದೇ ಇರುತ್ತದೆ. ಗರ್ಭಕೋಶವನ್ನು ಕೆಳಗಿನಿಂದಲೇ ತೆಗೆಯುತ್ತಾರೆ. ಆಮೇಲೆ ಮುಂದೆ ಮೂತ್ರಚೀಲದ ಕಡೆ, ಹಿಂದೆ ಮಲದ ಹಾದಿಯ ಕಡೆ ಸಡಿಲಾದ ಗೋಡೆಯನ್ನು ಹೊಲಿದು ಬಿಗಿ ಮಾಡುತ್ತಾರೆ. ಹೊಟ್ಟೆಯ ಮೇಲೆ ಗಾಯ ಇರುವುದಿಲ್ಲ. ಅದಕ್ಕೇ ಮನೆಯವರಿಗೆ ಇದು ಸಣ್ಣ ಆಪರೇಷನ್ ಅನ್ನಿಸುತ್ತದೆ. ಹೊಲಿಗೆ ಕಣ್ಣಿಗೆ ಬೀಳದಿದ್ದರೆ ನೋವೂ ಬೀಳುವುದಿಲ್ಲ, ಅಲ್ವಾ?

ನಮ್ಮ ಹತ್ತಿರ ಬರುವವರಲ್ಲಿ ಜಾಸ್ತಿ ಮಂದಿ ಗದಗ, ಹಾವೇರಿ, ಕುಂದಗೋಳ, ನವಲಗುಂದದ ಕಡೆಯ ಹಳ್ಳಿಯವರು. ಐವತ್ತು ದಾಟಿದವರು. ನಾಲ್ಕೈದು ಹೆರಿಗೆ ಆದವರು, ಹೊರೆ ಹೊತ್ತವರು. ‘ಎಷ್ಟು ವರ್ಷದಿಂದ ಹಿಂಗೈತ್ರಿ?’ ಅಂತ ಕೇಳಿದರೆ ‘ಸಣ್ಣ ಮಗಳ ಮದುವಿಗಿಂತ ಮೊದ್ಲಿಂದ ಐತ್ರಿ’ ಅನ್ನುತ್ತಾರೆ. ಆ ಮಗಳ ಮಗ ಈಗ ಸಾಲೆಗೆ ಹೋಗುತ್ತಿರುತ್ತಾನೆ. ಅಷ್ಟು ವರ್ಷ ಹಳೆ ಸೀರೆಯ ತುಂಡು ಮಡಚಿ ಕಟ್ಟಿಕೊಂಡು, ಕುಳಿತಾಗ ಕೈಯಿಂದ ಒಳಗೆ ತಳ್ಳಿಕೊಂಡು, ಯಾರು ಕೇಳಿದರೂ ‘ಆರಾಮ ಅದೀನ್ರಿ’ ಅಂದಿರುತ್ತಾರೆ. ಆಪರೇಷನ್ ಆದ ಕೂಡಲೇ ಆ ಮಾತು ಬಾಯಿಂದ ಹೋಗಿಬಿಡುವುದಿಲ್ಲ. ಇದನ್ನು ನಾನು ತಿಳಿದುಕೊಂಡಿದ್ದು ಒಬ್ಬ ಅಮ್ಮನಿಗೆ ತೊಂದರೆ ಆದಮೇಲೆ.

ಅವರು ಬ್ಯಾಡಗಿ ಹತ್ತಿರದ ಹಳ್ಳಿಯವರು. ವಯಸ್ಸು ಐವತ್ತೆಂಟು. ಆಪರೇಷನ್ ಚೆನ್ನಾಗಿ ಆಗಿತ್ತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರು, ಸಂಜೆ ಹೊತ್ತಿಗೆ ಕಾಲಿಗೆ ಚೇತನ ಬಂತು. ಬಿಪಿ, ನಾಡಿ ಎಲ್ಲ ಸರಿ. ರಕ್ತ ಹೋಗದಿರಲಿ ಅಂತ ಒಳಗೆ ತುಂಬಿದ್ದ ಗಾಜ್ ಬಟ್ಟೆಯನ್ನು ಮರುದಿನ ತೆಗೆದೆವು. ಎರಡನೇ ದಿನ ಬೆಳಿಗ್ಗೆ ಆರಕ್ಕೆ ಮೂತ್ರದ ನಳಿ ತೆಗೆದೆ. ಒಂಬತ್ತಕ್ಕೆ ಹೋಗಿ ಕೇಳಿದೆ: ‘ಅಮ್ಮಾ, ಒಂದಕ್ಕ ಹೋತೇನ್ರಿ?’

‘ಹೋತ್ರಿ.’

ಹನ್ನೊಂದಕ್ಕೆ ಮತ್ತೆ ಕೇಳಿದೆ. ‘ಹೋತ್ರಿ, ಆರಾಮ ಅದೀನ್ರಿ.’ ಶೀಟಿನಲ್ಲಿ ‘ಮೂತ್ರ ಆಗಿದೆ’ ಅಂತ ಬರೆದೆ, ಸಮಯ ಹಾಕಿದೆ, ಸಹಿ ಮಾಡಿದೆ. ಆವತ್ತು ಇನ್ನೂ ಇಬ್ಬರು ಥಿಯೇಟರಿನಿಂದ ಹೊರಗೆ ಬರುವವರಿದ್ದರು.

ಮಧ್ಯಾಹ್ನ ಎರಡಕ್ಕೆ ಅವರ ಮಂಚದ ಹತ್ತಿರ ಬಂದಾಗ ಊಟದ ತಟ್ಟೆ ಹಾಗೇ ಇತ್ತು. ಅನ್ನ ಆರಿ ಗಟ್ಟಿಯಾಗಿತ್ತು. ಅಮ್ಮ ಒಂದು ಕೈಯಲ್ಲಿ ಮಂಚದ ಸರಳು ಹಿಡಿದಿದ್ದರು. ಹಿಡಿತ ಎಷ್ಟು ಬಿಗಿ ಅಂದರೆ ಬೆರಳಿನ ಗಂಟು ಬೆಳ್ಳಗಾಗಿತ್ತು. ಹಣೆಯ ಮೇಲೆ ಬೆವರು. ಜನವರಿ ತಿಂಗಳು, ಫ್ಯಾನು ತಿರುಗುತ್ತಿತ್ತು. ‘ಏನಾತ್ರಿ ಅಮ್ಮಾ?’ ಅಂದರೆ ಮತ್ತೆ ಅದೇ, ‘ಏನಿಲ್ರಿ, ಆರಾಮ ಅದೀನ್ರಿ.’ ಹೊದಿಕೆ ಸರಿಸಿ ಹೊಟ್ಟೆ ಮುಟ್ಟಿದೆ. ಹೊಕ್ಕುಳದ ಕೆಳಗೆ ಗಟ್ಟಿಯಾಗಿ, ಗುಂಡಗೆ ಉಬ್ಬಿತ್ತು. ಡ್ಯೂಟಿ ಡಾಕ್ಟರನ್ನು ಕರೆದು ನಳಿ ಹಾಕಿದೆವು. ಚೀಲಕ್ಕೆ 850 ಮಿಲಿ ಬಂತು.

ಸಾಮಾನ್ಯವಾಗಿ ಮೂತ್ರಚೀಲದಲ್ಲಿ 400–500 ಮಿಲಿ ತುಂಬುವಷ್ಟರಲ್ಲಿ ನಮಗೆಲ್ಲ ತಡೆಯಲಾರದಷ್ಟು ಒತ್ತಡ ಬರುತ್ತದೆ. ಈ ಆಪರೇಷನ್ ಆದವರಲ್ಲಿ ಆ ಸೂಚನೆ ಮಂಕಾಗಬಹುದು. ಮೂತ್ರನಾಳದ ಸುತ್ತ ಬಾವು ಇರುತ್ತದೆ. ಕೆಳಗೆ ನೋವಿರುತ್ತದೆ, ಬಿಗಿ ಸಡಿಲ ಬಿಟ್ಟರೆ ಹೊಲಿಗೆ ಬಿಟ್ಟೀತು ಅಂತ ಹೆದರಿಕೆ ಇರುತ್ತದೆ. ಮೂತ್ರ ಒಳಗೇ ನಿಲ್ಲುತ್ತದೆ. ಮೂತ್ರಚೀಲ ತುಂಬಿ ತುಳುಕಿದಾಗ ಹನಿ ಹನಿಯಾಗಿ ಹೊರಗೆ ಬರುತ್ತದೆ. ಆ ಹನಿಯನ್ನೇ ಅಮ್ಮ ‘ಹೋತ್ರಿ’ ಅಂದಿದ್ದು. ಸುಳ್ಳು ಹೇಳಿರಲಿಲ್ಲ. ಹೀಗೆ ಹಿಗ್ಗಿದ ಚೀಲದ ಸ್ನಾಯು ಸೋತುಬಿಡುತ್ತದೆ, ಮತ್ತೆ ಬಲ ಬರಲು ದಿನ ಬೇಕು. ಹೊಸ ಹೊಲಿಗೆಯ ಮೇಲೂ ಭಾರ ಬೀಳುತ್ತದೆ. ಅಮ್ಮನಿಗೆ ನಳಿ ಮತ್ತೆ ಕೆಲವು ದಿನ ಇಡಬೇಕಾಯಿತು. ಮನೆಗೆ ಹೋಗುವುದು ಮುಂದಕ್ಕೆ ಹೋಯಿತು.

ಆವತ್ತು ಡ್ಯೂಟಿ ಮುಗಿದ ಮೇಲೆ ಅವರ ಹತ್ತಿರ ಕುಳಿತೆ. ಮಗ ಚಹಾ ಕುಡಿಯಲು ಹೊರಗೆ ಹೋಗಿದ್ದ. ಅವರೇ ಹೇಳಿದರು: ‘ಹನಿ ಹನಿ ಬಂತ್ರಿ ಬಾಯಾರ. ಇಲ್ಲ ಅಂದ್ರ ಮತ್ತ ನಳಿ ಹಾಕ್ತೀರಿ, ಮಗ ಇನ್ನೆರಡು ದಿನ ರಜಾ ಹಾಕಬೇಕಾಗತೈತಿ ಅಂತ ಸುಮ್ನಾದ್ನಿ. ಅವನ ಮುಂದ ಹೆಂಗ ಹೇಳೂದು? ಎಷ್ಟು ಬಂತು ಅಂತ ನೀವೂ ಕೇಳಲಿಲ್ಲಲ್ರಿ.’

ನಿಜ, ನಾನು ಕೇಳಿರಲಿಲ್ಲ. ‘ಹೂಂ’ ಅಂದರೆ ಮುಗಿದುಹೋಗುವಂಥ ಪ್ರಶ್ನೆ ಕೇಳಿದ್ದೆ. ಅದೂ ಬೆಳೆದ ಮಗ ಪಕ್ಕದಲ್ಲಿ ನಿಂತಿರುವಾಗ.

ಈಗ ನನ್ನ ವಾರ್ಡಿನಲ್ಲಿ ನಳಿ ತೆಗೆದ ಮೇಲೆ ಪ್ರತಿಯೊಬ್ಬರ ಮಂಚದ ಕೆಳಗೆ ಒಂದು ಅಳತೆಯ ಪ್ಲಾಸ್ಟಿಕ್ ಜಗ್ ಇರುತ್ತದೆ. ಸಂಡಾಸಿನಲ್ಲಿ ಪ್ಯಾನ್ ಇಟ್ಟುಕೊಡುತ್ತೇವೆ, ಅದರಲ್ಲಿ ಆಗಿದ್ದನ್ನು ಜಗ್ಗಿಗೆ ಸುರಿದು ಅಳೆಯುತ್ತೇವೆ. ನಾಲ್ಕರಿಂದ ಆರು ತಾಸಿನೊಳಗೆ ಚೆನ್ನಾಗಿ ಆಗಬೇಕು. ಆದಮೇಲೆ ಒಳಗೆ ಎಷ್ಟು ಉಳಿದಿದೆ ಅಂತ ಸ್ಕ್ಯಾನಿನಲ್ಲಿ ನೋಡುತ್ತೇವೆ, ಇಲ್ಲವೇ ಸಣ್ಣ ನಳಿ ಹಾಕಿ ಅಳೆಯುತ್ತೇವೆ. ಉಳಿದಿದ್ದು 150 ಮಿಲಿಗಿಂತ ಕಡಿಮೆ ಇದ್ದರೆ ನಮ್ಮ ಡಾಕ್ಟರಿಗೆ ಸಮಾಧಾನ. ಓದು ಬಾರದವರಿಗೂ ಜಗ್ಗಿನ ಗೆರೆ ತೋರಿಸಿಕೊಡುತ್ತೇನೆ. ‘ಈ ಗೆರಿ ತನಕ ಬಂತ್ರಿ’ ಅಂತ ಅವರೇ ಬೆರಳಿಟ್ಟು ತೋರಿಸುತ್ತಾರೆ. ಅಳತೆ ಕೈಗೆ ಬಂದರೆ ನಾಚಿಕೆ ಕಡಿಮೆಯಾಗುತ್ತದೆ ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪ್ಯಾಡ್ ವಿಷಯದಲ್ಲೂ ಅಷ್ಟೇ. ‘ರಕ್ತ ಹೋಗ್ತೈತೇನ್ರಿ?’ ಅಂತ ಕೇಳುವುದು ಬಿಟ್ಟೆ. ಬೆಳಿಗ್ಗೆಯಿಂದ ಎಷ್ಟು ಪ್ಯಾಡ್ ಬದಲಿಸಿದಿರಿ, ಈಗಿನದನ್ನು ತೋರಿಸಿ ಅನ್ನುತ್ತೇನೆ. ನೋವನ್ನು ಮಲಗಿದಾಗ ಕೇಳುವುದಿಲ್ಲ. ಮಗ್ಗುಲಾಗಿ, ಮೊಣಕೈ ಊರಿ, ಕಾಲು ಕೆಳಗೆ ಬಿಟ್ಟು ಏಳಲು ಹೇಳಿ ಆಗ ಮುಖ ನೋಡುತ್ತೇನೆ. ಇನ್ನೊಂದು: ಇವನ್ನೆಲ್ಲ ಕೇಳುವ ಮೊದಲು ಗಂಡಸರನ್ನು ಹೊರಗೆ ಕಳಿಸುತ್ತೇನೆ. ಮಗನಾದರೂ ಸರಿ.

ನಡೆಸುವುದಕ್ಕೆ ಮಾತ್ರ ನಾನು ಯಾರ ಮಾತನ್ನೂ ಕೇಳುವುದಿಲ್ಲ. ನಳಿ, ಚೀಲ ಇದ್ದರೂ ಮರುದಿನ ಎಬ್ಬಿಸಿ ನಾಲ್ಕು ಹೆಜ್ಜೆ ಹಾಕಿಸುತ್ತೇವೆ. ಮಲಗಿದಾಗ ಪಾದ ಮೇಲೆ ಕೆಳಗೆ ಆಡಿಸಲು ಹೇಳುತ್ತೇವೆ. ಇಲ್ಲದಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ.

ಊಟದ ವಿಷಯ ಬಂದರೆ ನಮ್ಮ ಕಡೆ ದೊಡ್ಡ ತಕರಾರು ‘ಹಸಿ ಮೈ’ಯದು. ಆಪರೇಷನ್ ಆದವರನ್ನೂ ಬಾಣಂತಿಯ ಹಾಗೇ ನೋಡುತ್ತಾರೆ. ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ, ಮೆತ್ತಗಿನ ಅನ್ನ, ನೀರು ಮಾತ್ರ ಗುಟುಕು ಗುಟುಕು. ‘ಹಸಿ ಮೈಯಾಗ ನೀರ ಜಾಸ್ತಿ ಕುಡಿಬಾರದ್ರಿ’ ಅನ್ನುತ್ತಾರೆ. ಸ್ಕಾರ್ಫಿನಿಂದ ಯಾರಿಗೂ ಕೆಡುಕಿಲ್ಲ, ಅದರ ತಂಟೆಗೆ ಹೋಗುವುದಿಲ್ಲ. ಆದರೆ ನೀರು ಕಡಿಮೆಯಾದರೆ ಮೂತ್ರದ ಸೋಂಕಿಗೆ ಹಾದಿ, ಮಲವೂ ಗಟ್ಟಿಯಾಗುತ್ತದೆ. ಗಟ್ಟಿಯಾದರೆ ಮುಕ್ಕಬೇಕು. ಮುಕ್ಕಿದರೆ ಬೀಳುವ ಭಾರವೆಲ್ಲ ಹೊಸ ಹೊಲಿಗೆಯ ಮೇಲೇ. ಅದಕ್ಕೆ ಅತ್ತೆ, ಅಕ್ಕ, ಯಾರು ಜೊತೆಗೆ ಕುಳಿತಿರುತ್ತಾರೋ ಅವರಿಗೇ ಮೊದಲು ಹೇಳುತ್ತೇನೆ. ಬಿಸಿ ನೀರು ಕುಡಿಸಿ, ಜೀರಿಗೆ ಹಾಕಿ ಕುದಿಸಿ ಕುಡಿಸಿ, ನಿಮ್ಮ ಮನಸ್ಸಿಗೆ ಹೇಗೆ ಒಪ್ಪುತ್ತದೋ ಹಾಗೆ, ಆದರೆ ದಿನಕ್ಕೆ ಎರಡು ಲೀಟರ್ ಒಳಗೆ ಹೋಗಲಿ. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಮಾತ್ರ ಡಾಕ್ಟರು ಹೇಳಿದಷ್ಟೇ. ಬದನೆಕಾಯಿ ನಂಜು ಅಂದರೆ ಬೇಡ, ಮೆಂತ್ಯ ಪಲ್ಯ, ಹೀರೆಕಾಯಿ ತಿನ್ನಿಸಿ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕೊಡಿ. ಮಲ ಮೆತ್ತಗಾಗಲು ಬರೆದ ಔಷಧಿ ನಿಲ್ಲಿಸಬೇಡಿ. ಕಮೋಡ್ ಇದ್ದರೆ ಕಾಲ ಕೆಳಗೆ ಸಣ್ಣ ಮಣೆ ಇಟ್ಟು, ಮುಂದಕ್ಕೆ ಬಾಗಿ ಕೂರಲಿ. ಕೆಮ್ಮು ಬಂದರೆ ಪ್ಯಾಡಿನ ಮೇಲೆ ಅಂಗೈ ಒತ್ತಿ ಹಿಡಿದು ಕೆಮ್ಮಲಿ.

ಡಿಸ್ಚಾರ್ಜ್ ದಿನದ ಮಾತಿಗೆ ಬರುತ್ತೇನೆ. ನನಗೆ ಜಾಸ್ತಿ ಚಿಂತೆ ಇರುವುದು ಇಲ್ಲೇ. ಚೀಟಿಯಲ್ಲಿ ‘ಆರು ವಾರ ಭಾರ ಎತ್ತಬಾರದು’ ಅಂತ ಬರೆದಿರುತ್ತದೆ. ‘ತಿಳೀತೇನ್ರಿ?’ ಅಂದರೆ ‘ತಿಳೀತ್ರಿ’. ಆದರೆ ಭಾರ ಅಂದರೆ ಅವರ ಲೆಕ್ಕದಲ್ಲಿ ಜೋಳದ ಚೀಲ, ಮೇವಿನ ಹೊರೆ. ನೀರಿನ ಕೊಡ ಅವರಿಗೆ ಭಾರವೇ ಅಲ್ಲ. ಹದಿನೈದು ಲೀಟರಿನ ಕೊಡ ತುಂಬಿದರೆ ನೀರೇ ಹದಿನೈದು ಕಿಲೋ. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು ಮೂವತ್ತು ಕಿಲೋ. ಎರಡು ವರ್ಷದ ಮೊಮ್ಮಗ ಹತ್ತು ಹನ್ನೆರಡು ಕಿಲೋ, ಅವನು ‘ಎತ್ಕೋ’ ಅಂತ ಅತ್ತರೆ ಯಾವ ಅಜ್ಜಿ ಸುಮ್ನೆ ಕೂರುತ್ತಾಳೆ? ಒದ್ದೆ ಕಂಬಳಿ ಹಿಂಡುವುದೂ ಭಾರವೇ.

ಅದಕ್ಕೆ ಈಗ ಪ್ರಶ್ನೆ ಬೇರೆ. ‘ನೀರು ಬಿಟ್ಟ ದಿನ ನಿಮ್ಮ ಮನ್ಯಾಗ ಯಾರು ತುಂಬ್ತಾರ?’ ಹುಬ್ಬಳ್ಳಿ-ಧಾರವಾಡದವರಿಗೆ ಈ ಪ್ರಶ್ನೆಯ ತೂಕ ಬಿಡಿಸಿ ಹೇಳಬೇಕಿಲ್ಲ. 2008ರಿಂದ ಕೆಲವು ವಾರ್ಡುಗಳಲ್ಲಿ 24 ತಾಸೂ ನೀರು ಬರತೊಡಗಿತು. ಉಳಿದ ಕಡೆ ದಿನಗಟ್ಟಲೆ ಕಾದು, ನೀರು ಬಂದಾಗ ಮನೆಯ ಎಲ್ಲ ಕೊಡ, ಬಕೆಟ್, ಡ್ರಮ್ಮು ತುಂಬಿಕೊಳ್ಳುವುದು ರೂಢಿಯಾಗಿಬಿಟ್ಟಿದೆ. ಪ್ರಶ್ನೆ ಕೇಳಿದ ಕೂಡಲೇ ಹೆಣ್ಣುಮಗಳು ನೆಲ ನೋಡುತ್ತಾಳೆ. ಗಂಡ ಚಾವಣಿ ನೋಡುತ್ತಾನೆ. ಅಲ್ಲೇ ಕೂರಿಸಿ ಹೆಸರು ಹಿಡಿದು ಹಂಚುತ್ತೇನೆ. ನೀರು ಯಾರು, ರೊಟ್ಟಿ ಯಾರು, ಬಟ್ಟೆ ಯಾರು ಅಂತ. ಚೀಟಿಯ ಹಿಂದೆ ಬರೆದೂ ಕೊಡುತ್ತೇನೆ. ಗಂಡನನ್ನು ಬೇರೆ ಕರೆದು, ಡಾಕ್ಟರು ನೋಡಿ ಹೇಳುವ ತನಕ, ಅಂದರೆ ಕಡಿಮೆ ಅಂದರೂ ಆರು ವಾರ, ಹೆಂಡತಿಯ ಹತ್ತಿರ ಮಲಗುವುದು ಬೇಡ ಅಂತ ನೇರವಾಗಿ ಹೇಳುತ್ತೇನೆ. ಮೊದಲು ನನಗೇ ನಾಲಿಗೆ ತೊದಲುತ್ತಿತ್ತು. ಈಗ ಇಲ್ಲ. ನಾನು ಹೇಳದಿದ್ದರೆ ಆಕೆ ಹೇಳಬೇಕಾಗುತ್ತದೆ. ಆಕೆ ಹೇಳುವುದಿಲ್ಲ.

ಬ್ಯಾಡಗಿಯ ಅಮ್ಮನ ಮನೆಯ ಲೆಕ್ಕ ಕೇಳಿದಾಗ ನನಗೆ ಗೊತ್ತೇ ಇರದ ಸಂಗತಿಯೊಂದು ಹೊರಗೆ ಬಂತು. ಅದು ಮೆಣಸಿನಕಾಯಿಯ ಸುಗ್ಗಿ. ಮನೆಗೆ ಹೋದ ಮೇಲೆ ಕುಳಿತು ತೊಟ್ಟು ಬಿಡಿಸುತ್ತೇನೆ, ಅದೇನು ಭಾರದ ಕೆಲಸವಲ್ಲವಲ್ಲ ಅಂತ ಅವರ ವಿಚಾರ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಆದರೂ ರಾಶಿಯ ಮುಂದೆ ಕುಳಿತರೆ ಧೂಳಿನ ಘಾಟಿಗೆ ಸೀನು, ಕೆಮ್ಮು ತಪ್ಪಿದ್ದಲ್ಲ. ದಿನವಿಡೀ ಕೆಮ್ಮಿದರೆ ಅದೂ ಹೊಲಿಗೆಯ ಮೇಲೆ ಭಾರವೇ. ನಾನು ‘ಭಾರ ಎತ್ತಬೇಡಿ’ ಅಂತಷ್ಟೇ ಹೇಳಿ ಕಳಿಸಿದ್ದರೆ ಅವರು ಮರುದಿನವೇ ರಾಶಿಯ ಮುಂದೆ ಇರುತ್ತಿದ್ದರು. ಆ ಸುಗ್ಗಿ ಮುಗಿಯುವ ತನಕ ಬೇಡ ಅಂತ ಸೊಸೆಯ ಎದುರಿಗೇ ಮಾತಾಯಿತು.

ಮನೆಗೆ ಹೋಗುವವರಿಗೆ ಹೆದರಿಕೆಯ ಗುರುತುಗಳನ್ನೂ ಹೀಗೇ ಬಿಡಿಸಿ ಹೇಳುತ್ತೇನೆ. ಕೆನೆಬಣ್ಣದ ಸ್ರಾವ ನಾಲ್ಕರಿಂದ ಆರು ವಾರ ಇರಬಹುದು, ಕರಗುವ ಹೊಲಿಗೆಯ ದಾರದ ಚೂರು ಬರಬಹುದು, ಹತ್ತನೇ ದಿನದ ಆಚೀಚೆ ಸ್ವಲ್ಪ ರಕ್ತ ಕಾಣಬಹುದು. ಇದಕ್ಕೆ ಗಾಬರಿ ಬೇಡ. ಆದರೆ ಒಂದು ತಾಸಿನಲ್ಲಿ ಪ್ಯಾಡ್ ಪೂರ್ತಿ ನೆನೆದರೆ, ಕೆಟ್ಟ ವಾಸನೆ ಬಂದರೆ, ಜ್ವರ 100.4 ಡಿಗ್ರಿ ದಾಟಿದರೆ, ಮೂತ್ರ ಕಟ್ಟಿದರೆ, ಹೊಟ್ಟೆನೋವು ಏರುತ್ತಾ ಹೋದರೆ, ಒಂದೇ ಮೀನಖಂಡ ಬಾತು ನೋಯಿಸಿದರೆ, ಉಸಿರು ಸಿಕ್ಕಿಕೊಂಡರೆ ರಾತ್ರಿಯಾದರೂ ಹೊರಟುಬಿಡಿ ಅನ್ನುತ್ತೇನೆ. ಬಿಗಿ ಹಿಡಿಯುವ ವ್ಯಾಯಾಮವನ್ನು ನಳಿ ತೆಗೆದು, ನೋವು ಇಳಿದ ಮೇಲೆ ಕಲಿಸುತ್ತೇನೆ. 1948ರಲ್ಲಿ ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೀಗಲ್ ಇದರ ಬಗ್ಗೆ ಬರೆದರು, ಅವರ ಹೆಸರೇ ಉಳಿದಿದೆ. ನಮ್ಮವರಿಗೆ ಹೇಳುವುದು ಹೀಗೆ: ಮಂದಿಯ ನಡುವೆ ಕುಳಿತಾಗ ಗಾಳಿ ಹೋಗದ ಹಾಗೆ ಹಿಡಿಯುತ್ತೀರಲ್ಲ, ಹಾಗೆ ಹಿಡಿಯಿರಿ. ಐದು ಎಣಿಸಿ ಬಿಡಿ. ಉಸಿರು ಕಟ್ಟಬೇಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಎಲ್ಲರೂ ಮೊದಲು ನಗುತ್ತಾರೆ, ಆಮೇಲೆ ಮಾಡುತ್ತಾರೆ.

ಆ ಅಮ್ಮ ಆರನೇ ವಾರಕ್ಕೆ ಸೊಸೆಯ ಜೊತೆ ಬಂದರು. ಎರಡು ತಾಸಿನ ದಾರಿ, ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕುಳಿತು ಬಂದೆವು ಅಂತ ಸೊಸೆ ಹೇಳಿದಳು. ನಾನು ಏನೂ ಕೇಳುವ ಮೊದಲೇ ಅಮ್ಮ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದರು.

‘ಒಂದ ಕೊಡ ಎತ್ತಿದ್ನಿರಿ. ನಾಲ್ಕನೇ ವಾರ. ಸೊಸಿ ತವರಿಗೆ ಹೋಗಿದ್ಲು. ಪೂರಾ ತುಂಬಿರಲಿಲ್ರಿ, ಮುಕ್ಕಾಲು ಕೊಡ. ಎತ್ತಿದ ಮ್ಯಾಲೆ ಕೆಳಗ ಎಳದಂಗಾತು, ಇಳಿಸಿಬಿಟ್ನಿ.’

ಡಾಕ್ಟರು ಪರೀಕ್ಷೆ ಮಾಡಿದರು. ಹೊಲಿಗೆ ಮಾಯ್ದಿತ್ತು, ಯಾವುದೂ ಕೆಳಗೆ ಇಳಿದಿರಲಿಲ್ಲ. ನಾನು ಅವರ ಪುಸ್ತಕ ತೆಗೆದು ಬರೆದೆ: ನಾಲ್ಕನೇ ವಾರ, ಮುಕ್ಕಾಲು ಕೊಡ, ಒಂದು ಸಲ.