ಬೆಟ್ಟದಡಿ ಸಿಕ್ಕ ಮೂಗು

17 ನವೆಂಬರ್ 2024, ಭಾನುವಾರ
ಶಿವಮೊಗ್ಗ

ತಿಂಡಿ ಮುಗಿಸಿ ಕೂತಿದ್ದೆ, ಶಿಕಾರಿಪುರದಿಂದ ಮೇಷ್ಟ್ರು ಬಂದರು. ಜೇಬಿನಿಂದ ನಾಣ್ಯದ ಎರಡು ಪುಟ್ಟ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. "ಇದು ನಮ್ಮಪ್ಪನ ಪೆಟ್ಟಿಗೆಯಲ್ಲಿದ್ದದ್ದು. ಇದು ಹೋದ ತಿಂಗಳು ನಾನೇ ಕೊಂಡದ್ದು. ಅಪ್ಪನದ್ದು ಜಜ್ಜಿಹೋಗಿದೆ, ಚೆನ್ನಾಗಿರೋದೊಂದು ಇರಲಿ ಅಂತ ತಗೊಂಡೆ. ನೋಡಿ ಹೇಳಪ್ಪ."

ಜಜ್ಜಿದ್ದೇ ಅಸಲಿ. ಅದನ್ನು ಅವರಿಗೆ ಹೇಳೋಕೆ ನನಗೆ ಒಂದು ಗಂಟೆ ಬೇಕಾಯಿತು.

ಎರಡೂ ಒಂದೇ ಬಗೆಯವು. ನಹಪಾಣನ ಬೆಳ್ಳಿ ನಾಣ್ಯ, ಅದರ ಮೇಲೆ ಶಾತವಾಹನ ದೊರೆ ಗೌತಮಿಪುತ್ರ ಸಾತಕರ್ಣಿಯ ಮರುಮುದ್ರೆ. ಸುಮಾರು 1,900 ವರ್ಷ ಹಳೆಯದು. ನಹಪಾಣ ಕ್ಷಹರಾತ ಮನೆತನದ ಕ್ಷತ್ರಪ, ಅಂದರೆ ಪಶ್ಚಿಮ ಭಾರತ ಆಳಿದ ಶಕ ದೊರೆ. ಅವನ ಮನೆತನವನ್ನು ಸೋಲಿಸಿದ ಮೇಲೆ ಗೌತಮಿಪುತ್ರ ಆ ನಾಣ್ಯಗಳ ಮೇಲೇ ತನ್ನ ಅಚ್ಚು ಹೊಡೆಸಿದ. 1906ರಲ್ಲಿ ನಾಸಿಕದ ಹತ್ತಿರ ಜೋಗಲ್‌ತೆಂಭಿಯಲ್ಲಿ ನಿಧಿ ಸಿಕ್ಕಿತು. ನಹಪಾಣನ 13,000ಕ್ಕೂ ಜಾಸ್ತಿ ನಾಣ್ಯ, ಅದರಲ್ಲಿ 9,000ಕ್ಕೂ ಜಾಸ್ತಿ ಹೀಗೆ ಮರುಮುದ್ರೆ ಬಿದ್ದವು! ನಾಸಿಕದ ಗುಹೆಯಲ್ಲಿ ಗೌತಮಿಪುತ್ರನ ತಾಯಿ ಗೌತಮಿ ಬಲಶ್ರೀಯ ಶಾಸನವಿದೆ. ಮಗ ಕ್ಷಹರಾತ ವಂಶವನ್ನು ಒಂದೂ ಉಳಿಯದಂತೆ ಅಳಿಸಿದ ಎಂದು ಅದರಲ್ಲಿದೆ. ಆ ಮಾತಿಗೆ ಈ ಬೆಳ್ಳಿ ಚೂರು ಸಾಕ್ಷಿ. ಮೇಷ್ಟ್ರಿಗೂ ಸಾತಕರ್ಣಿ ಅಂದರೆ ದೂರದ ಹೆಸರಲ್ಲ. ಅವರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನದಲ್ಲಿ, ಅಲ್ಲಿನ ಗುಡಿಯಲ್ಲಿ ಪೂಜೆ ಮಾಡಿದ ರಾಜರ ಸಾಲಿನಲ್ಲಿ ಆ ಹೆಸರು ಬರುತ್ತದೆ.

ಭೂತಗನ್ನಡಿ ಹಿಡಿದೆ. ಅಪ್ಪನ ನಾಣ್ಯದಲ್ಲಿ ಕಮಾನುಗಳ ಬೆಟ್ಟ, ಅದರ ಕೆಳಗೆ ಹೊಳೆ ಹರಿದ ಹಾಗೆ ಅಂಕುಡೊಂಕು ಗೆರೆ. ಇದು ಗೌತಮಿಪುತ್ರನ ಅಚ್ಚು. ಬೆಟ್ಟದ ಪಕ್ಕ ಏನೋ ಉಬ್ಬು. ನಾಣ್ಯವನ್ನು ನಿಧಾನವಾಗಿ ತಿರುಗಿಸುತ್ತಾ ಹೋದೆ. ತಲೆಕೆಳಗಾದಾಗ ಗೊತ್ತಾಯಿತು, ಅದು ನಹಪಾಣನ ಮೂಗು. ಅದರ ಕೆಳಗೆ ತುಟಿ. ಗಲ್ಲ ಪೂರ್ತಿ ಬೆಟ್ಟದಡಿ ಹೋಗಿದೆ. ಅಂಚಿನಲ್ಲಿ ಗ್ರೀಕ್ ಅಕ್ಷರದ ಎರಡು ಕಡ್ಡಿ ಉಳಿದಿವೆ. ಸುತ್ತಿಗೆ ಹಿಡಿದವನು ರಾಜನ ಮುಖ ಯಾವ ಕಡೆಗಿದೆ ಅಂತ ನೋಡಿರಲಿಕ್ಕಿಲ್ಲ.

ನಾನು ನೋಡುವುದು ಮುಖ್ಯವಾಗಿ ಇದನ್ನೇ. ಯಾವ ಪೆಟ್ಟು ಮೊದಲು, ಯಾವುದು ಆಮೇಲೆ? ಅಸಲಿಯಲ್ಲಿ ಬೆಟ್ಟದ ಗೆರೆ ಹಳೆ ಗೆರೆಯನ್ನು ಕಡಿದುಕೊಂಡು ಹೋಗಿರುತ್ತದೆ. ಹಳೆಯದು ಚಪ್ಪಟೆಯಾಗಿ ಕೆಳಗೆ ಕೂತಿರುತ್ತದೆ. ಪೆಟ್ಟಿನ ಭಾರಕ್ಕೆ ಬೆಳ್ಳಿ ಹೊರಗೆ ಸರಿದು ಅಂಚು ಬಿರಿದಿರುತ್ತದೆ. ಅಪ್ಪನ ನಾಣ್ಯದಲ್ಲಿ ಇಂಥ ಬಿರುಕು ಮೂರಿವೆ. ಹಿಂಬದಿಯಲ್ಲಿ ಗೌತಮಿಪುತ್ರನ ಉಜ್ಜಯಿನಿ ಚಿಹ್ನೆ, ಅದರ ನಾಲ್ಕು ಉಂಗುರಗಳ ನಡುವೆ ನಹಪಾಣನ ಹಳೆ ಬಾಣದ ತುದಿ. ಮೇಷ್ಟ್ರು 'ಜಜ್ಜಿಹೋಗಿದೆ' ಅಂದದ್ದು ಇದಕ್ಕೆಲ್ಲ. ಹಳೇ ರೂಪಾಯಿಗಳ ಮೇಲೆ ಚಿನಿವಾರರು ಬೆಳ್ಳಿ ಪರೀಕ್ಷಿಸಿ ಹಾಕಿದ ಚಿಕ್ಕ ಗುರುತನ್ನೂ ಜನ ಹೀಗೇ ಹಾಳಾಗಿದೆ ಅಂತ ಎತ್ತಿಡುತ್ತಾರೆ. ನನಗೆ ಸಂಕಟ ಆಗುತ್ತೆ.

ಇನ್ನೊಂದರಲ್ಲಿ ಮುಖ, ಬೆಟ್ಟ ಎರಡೂ ಒಂದೇ ಸಮ ಮೆತ್ತಗೆ, ಬೆಣ್ಣೆಯಲ್ಲಿ ಒತ್ತಿದ ಹಾಗೆ. ಯಾವುದೂ ಯಾವುದನ್ನೂ ಕಡಿದಿಲ್ಲ. ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳು. ಅಂಚಿನಲ್ಲಿ ಅರ ಉಜ್ಜಿದ ಗೀರು. ಅಚ್ಚು ಹೊಡೆದದ್ದಲ್ಲ, ಎರಕ ಹೊಯ್ದದ್ದು. ತೂಕದಲ್ಲಿ ಮಾತ್ರ ಸಿಕ್ಕಿಬೀಳಲಿಲ್ಲ, ಎರಡೂ 2 ಗ್ರಾಂ ಆಸುಪಾಸು. ನೀರಿನಲ್ಲಿ ತೂಗಿ ನೋಡು, ಬೆಳ್ಳಿ ಹೌದೋ ಅಲ್ಲವೋ ಗೊತ್ತಾಗುತ್ತೆ ಅಂದರು ಮೇಷ್ಟ್ರು. 11.66 ಗ್ರಾಂ ತೂಗುವ ಹಳೇ ಬೆಳ್ಳಿ ರೂಪಾಯಿಗೆ ಅದು ಸರಿ. ಇಷ್ಟು ಚಿಕ್ಕದು ನೀರಿನಲ್ಲಿ ಕಳೆದುಕೊಳ್ಳುವ ತೂಕ 0.19 ಗ್ರಾಂ ಅಷ್ಟೇ. ನನ್ನ ತಕ್ಕಡಿ 0.01 ಆಚೀಚೆ ಆದರೂ ಲೆಕ್ಕ ತಪ್ಪುತ್ತದೆ. ಅಲ್ಲದೆ ಎರಕವನ್ನು ಒಳ್ಳೇ ಬೆಳ್ಳಿಯಲ್ಲೇ ಹೊಯ್ದಿದ್ದರೆ ನೀರು ಏನು ಹೇಳೀತು?

ನಿಜಕ್ಕೂ ಅನುಮಾನ ಮುಗಿದದ್ದು ಒಂದು ಫೋಟೋದಿಂದ. ಎರಡು ವರ್ಷದ ಹಿಂದೆ ಮಾರಾಟಕ್ಕಿದ್ದ ನಾಣ್ಯವೊಂದರ ಚಿತ್ರ ಇಟ್ಟುಕೊಂಡಿದ್ದೆ. ಮೇಷ್ಟ್ರು ಕೊಂಡದ್ದನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಬೆಟ್ಟ ಅದೇ ಜಾಗದಲ್ಲಿ, ಕಿವಿ ಅದೇ ಕಡೆ ಇಣುಕಿದೆ, ಬೆಟ್ಟದ ತುದಿಯ ಗೀರೂ ಅದೇ. ಕೈಯಲ್ಲಿ ಹೊಡೆದ ಮರುಮುದ್ರೆ ಎರಡು ನಾಣ್ಯದ ಮೇಲೆ ಹೀಗೆ ಪಡಿಯಚ್ಚಾಗಿ ಬೀಳೋದಿಲ್ಲ.

ಹೇಳಿದೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ, "ಅಪ್ಪನದ್ದನ್ನ ವಿಭೂತಿ ಹಚ್ಚಿ ತಿಕ್ಕಬೇಕು ಅಂತಿದ್ದೆ" ಅಂದರು. ಬೇಡಿ ಮೇಷ್ಟ್ರೇ, ಆ ಕಪ್ಪು ಹಾಗೇ ಇರಲಿ ಅಂದೆ. ಭೂತಗನ್ನಡಿ ಅವರ ಕೈಗೆ ಕೊಟ್ಟೆ. ಕಿಟಕಿ ಹತ್ತಿರ ಹೋಗಿ ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಸಿಕ್ತು ಕಣೋ ಮೂಗು."

ಹೊಸದನ್ನು ವಾಪಸ್ ಕೊಟ್ಟು ದುಡ್ಡು ಕೇಳ್ತಾರಂತೆ. ಮಾರಿದವರಿಗೆ ತೋರಿಸಲಿ ಅಂತ ಎರಡೂ ಚಿತ್ರ ಪ್ರಿಂಟ್ ತೆಗೆದು ಕೊಟ್ಟಿದ್ದೇನೆ.